ಮುಷೋಕು ಟೆನ್ಸೆ: ರೂಡಿಯಸ್‌ಗೆ ಎರಡನೇ ಜನ್ಮ ಸಿಕ್ಕಿತು, ಸರಿ. ಹಳೇ ಲೆಕ್ಕ ಯಾರು ತೀರಿಸುವುದು?

ಬದಿಯಡ್ಕದ ಅಕ್ಕ:

ಓಣಂ ರಜೆಗೆ ಬಂದ ಚಿಕ್ಕಪ್ಪನ ಮಗ ನನಗೆ ‘ಮುಷೋಕು ಟೆನ್ಸೆ’ ಎನ್ನುವ ಜಪಾನಿನ ಆನಿಮೆಯ ಹುಚ್ಚು ಹಿಡಿಸಿ, ತಾನು ಆರಾಮವಾಗಿ ಹಾಸ್ಟೆಲ್‌ಗೆ ಹೋದ. ಮೊದಲ ಸೀಸನ್ ನೋಡಿ ಮುಗಿಸಿದೆ. 2021ರಲ್ಲಿ ಎರಡು ಭಾಗವಾಗಿ ಬಂದದ್ದು, ಒಟ್ಟು 23 ಎಪಿಸೋಡ್. ಮುಂದಿನ ಸೀಸನ್ ಹಾಕಬೇಕಾ, ಇಲ್ಲಿಗೇ ಬಿಡಬೇಕಾ ಎಂದು ಗೊತ್ತಾಗುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನೋಡದವರಿಗೆ ಕಥೆ ಇಷ್ಟು. ಜಪಾನಿನಲ್ಲಿ 34 ವರ್ಷದ ಒಬ್ಬ, ಕೆಲಸ ಇಲ್ಲ. ಹೈಸ್ಕೂಲಿನಲ್ಲಿ ಪುಂಡ ಹುಡುಗರು ಬಟ್ಟೆ ಬಿಚ್ಚಿಸಿ ಗೇಟಿಗೆ ಕಟ್ಟಿಹಾಕಿದ್ದರು. ಆಮೇಲೆ ಕೋಣೆ ಸೇರಿದವನು ಹೊರಗೆ ಬಂದದ್ದೇ ಇಲ್ಲ. ಅಪ್ಪ ಅಮ್ಮ ತೀರಿಕೊಂಡಾಗ ಅವರ ಕ್ರಿಯೆಗೂ ಹೋಗಲಿಲ್ಲ. ಒಡಹುಟ್ಟಿದವರು ಸಿಟ್ಟಿನಲ್ಲಿ ಮನೆಯಿಂದ ದಬ್ಬಿದರು. ರಸ್ತೆಗೆ ಬಿದ್ದವನು ಲಾರಿಯಡಿ ಸಿಗಲಿದ್ದ ಹೈಸ್ಕೂಲ್ ಮಕ್ಕಳನ್ನು ತಪ್ಪಿಸಲು ಹೋಗಿ ಸತ್ತ. ಕಣ್ಣು ಬಿಟ್ಟರೆ ಬೇರೆ ಲೋಕ, ಮಗುವಿನ ಮೈ, ಹೆಸರು ರೂಡಿಯಸ್ ಗ್ರೇರಾಟ್. ಹಳೇ ನೆನಪು ಮಾತ್ರ ಪೂರ್ತಿ ಉಂಟು.

ನನಗೆ ತುಂಬ ಹಿಡಿಸಿದ್ದು ರಾಕ್ಸಿ ಅವನನ್ನು ಕುದುರೆ ಮೇಲೆ ಕರೆದುಕೊಂಡು ಹೋಗುವ ಭಾಗ. ಅವಳು ಮನೆಗೆ ಬಂದು ಮಂತ್ರವಿದ್ಯೆ ಕಲಿಸುವ ಟೀಚರ್. ಕೊನೆಯ ಪರೀಕ್ಷೆಗೆ ಊರಾಚೆಯ ಬಯಲಿಗೆ ಹೋಗಬೇಕು. ಹುಡುಗನಿಗೆ ಆಗ 5 ವರ್ಷ, ಮನೆಯ ಗಡಿ ದಾಟಿದವನೇ ಅಲ್ಲ. ಹೊರಗೆ ಹೋಗಬೇಕು ಎನ್ನುವಾಗ ಮೈಯೆಲ್ಲ ನಡುಕ. ಮಗುವಿನ ಮೈ, ನಡುಗುವುದು ಆ 34 ವರ್ಷದವನು. ರಾಕ್ಸಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಸುಮ್ನೆ ಎತ್ತಿ ಕುದುರೆ ಮೇಲೆ ಕೂರಿಸಿಕೊಳ್ಳುತ್ತಾಳೆ. ದಾರಿಯಲ್ಲಿ ಅವನನ್ನು ನೋಡಿ ಯಾರೂ ನಗುವುದಿಲ್ಲ. ಅಷ್ಟೇ. ಇಪ್ಪತ್ತು ವರ್ಷ ಹತ್ತಿರ ಹತ್ತಿರ ಮನೆಯವರಿಂದ ಆಗದ ಕೆಲಸ ಅವಳಿಗೆ ಗೊತ್ತೇ ಇಲ್ಲದೆ ಆಗಿಹೋಯಿತು.

ಇಲ್ಲಿಯವರೆಗೆ ಚಂದ. ಆದರೆ ಅದೇ ರೂಡಿಯಸ್ ಹುಡುಗಿಯರ ಜೊತೆ ನಡೆದುಕೊಳ್ಳುವ ರೀತಿ! ಹಳೇ ಕೋಣೆಯ ಕೊಳಕನ್ನು ಗಂಟು ಕಟ್ಟಿಕೊಂಡೇ ಬಂದಿದ್ದಾನೆ. ಅವನು ಪಾಠ ಹೇಳಿಕೊಡುವ ಹುಡುಗಿ ಎರಿಸ್ ನಾಲ್ಕು ಬಾರಿಸುತ್ತಾಳೆ, ತಮಾಷೆ ಎಂದು ದೃಶ್ಯ ಮುಗಿಯುತ್ತದೆ. ಪಕ್ಕದಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದ ಅಜ್ಜಿಗೆ ಜಪಾನೀಸೂ ಬಾರದು, ಇಂಗ್ಲಿಷೂ ಬಾರದು. ಆದರೂ ಒಂದು ಸಲ ತಲೆ ಎತ್ತಿ ನೋಡಿ, “ಈ ಮಾಣಿಗೆ ಎಂತ ಕೆಟ್ಟ ಬುದ್ಧಿ!” ಎಂದರು. ನಾನು ಸೌಂಡ್ ಕಮ್ಮಿ ಮಾಡಿದೆ.

ನನ್ನ ಪ್ರಶ್ನೆ ಇದು. ಹೊಸ ಜನ್ಮದಲ್ಲಿ ಹೊಸ ಅಪ್ಪ ಅಮ್ಮ, ಹೊಸ ಮೈ, ಬೇಕಾದಷ್ಟು ಶಕ್ತಿ, ಎಲ್ಲ ಸಿಕ್ಕಿತು. ಹಳೇ ಜನ್ಮದ ಅಣ್ಣಂದಿರಿಗೆ ಏನು ಸಿಕ್ಕಿತು? ತಪ್ಪು ಮಾಡಿದ್ದು ಒಂದು ಮನೆಯಲ್ಲಿ, ಒಳ್ಳೆಯವನಾಗುವುದು ಇನ್ನೊಂದು ಮನೆಯಲ್ಲಿ. ಇದನ್ನು ಎರಡನೇ ಅವಕಾಶ ಎನ್ನುವುದಾ, ತಲೆ ತಪ್ಪಿಸಿಕೊಳ್ಳುವುದು ಎನ್ನುವುದಾ?

ಟ್ರಕ್‌ಕುನ್ ಮಂಜೇಶ್ವರ:

ಅಕ್ಕ, ಗಂಭೀರ ಉತ್ತರ ಬೇರೆಯವರು ಕೊಡಲಿ. ಲಾರಿ ಗುದ್ದಿದವರಿಗೆಲ್ಲ ಬೇರೆ ಲೋಕ ಸಿಗುವುದಾದರೆ ತಲಪಾಡಿಯಿಂದ ಚೆಂಗಳದವರೆಗೆ ಹೈವೇ ಪಕ್ಕ ನಡೆಯುವ ನಾವೆಲ್ಲ ಇಷ್ಟೊತ್ತಿಗೆ ಮಂತ್ರವಾದಿಗಳು. ನಾನು ರಸ್ತೆ ದಾಟುವಾಗ ಹೀರೋ ಆಗುವ ಆಸೆಯನ್ನು ಕಿಸೆಯಲ್ಲಿ ಇಟ್ಟುಕೊಂಡೇ ದಾಟುತ್ತೇನೆ.

ನೋಡಿ, ಬಿಡಬೇಡಿ. ಚಿತ್ರ ಅಷ್ಟು ಚಂದ ಉಂಟು. ಈ ಒಂದು ಕಥೆಗೆಂದೇ ಸ್ಟುಡಿಯೋ ಬೈಂಡ್ ಶುರು ಮಾಡಿದ್ದು.

ಸುಬಾರು ಪಾರ್ಟಿ:

ನನಗೆ ರೂಡಿಯಸ್ ಆಗುವುದಿಲ್ಲ. ಕೆಟ್ಟುಹೋದ ಹೀರೋ ಬೇಕಾದರೆ ರೀ ಝೀರೋ ಆನಿಮೆ ನೋಡಿ, 2016ರದ್ದು. ಅಲ್ಲಿ ಹೀರೋ ಸುಬಾರುಗೆ ಹೊಸ ಜನ್ಮ ಇಲ್ಲ. ಇದ್ದ ಹಾಗೇ ಬೇರೆ ಲೋಕಕ್ಕೆ ಬೀಳುತ್ತಾನೆ. ಸತ್ತರೆ ಸ್ವಲ್ಪ ಹಿಂದಿನ ಹೊತ್ತಿಗೆ ವಾಪಸ್. ಕೇಳಲು ಇದೂ ಎರಡನೇ ಅವಕಾಶದ ಹಾಗೇ, ಆದರೆ ಅವನ ಸೊಕ್ಕು ಇಳಿಯುವುದು ಎಲ್ಲರ ಕಣ್ಣೆದುರು. ಅರಮನೆಯ ಸಭೆಯಲ್ಲಿ, ತಾನು ಮೆಚ್ಚಿದ ಹುಡುಗಿ ಎಮಿಲಿಯಾಳ ನೈಟ್ (ಕಾಯುವ ಯೋಧ) ತಾನೇ ಎಂದು ಬೊಬ್ಬೆ ಹೊಡೆಯುತ್ತಾನೆ. ನಿಜವಾದ ನೈಟ್ ಜೂಲಿಯಸ್ ಕೈಯಿಂದ ಚೆನ್ನಾಗಿ ಪೆಟ್ಟು ತಿನ್ನುತ್ತಾನೆ. ಆಮೇಲೆ ಎಮಿಲಿಯಾಳಿಗೆ, ನಿನಗಾಗಿ ಇಷ್ಟೆಲ್ಲ ಮಾಡಿದೆ ಎಂದು ಪಟ್ಟಿ ಓದುತ್ತಾನೆ. ಅವಳಿಗೆ ಅದರಲ್ಲಿ ಅರ್ಧ ನೆನಪೇ ಇಲ್ಲ, ಯಾಕೆಂದರೆ ಅದೆಲ್ಲ ನಡೆದದ್ದು ಅವನು ಸತ್ತು ಬಿಟ್ಟುಬಂದ ಸುತ್ತುಗಳಲ್ಲಿ. ನೋಡುವಾಗ ನಮಗೇ ನಾಚಿಕೆ ಆಗುತ್ತದೆ. ಬರೆದರೆ ಹಾಗೆ ಬರೆಯಬೇಕು. ಹೀರೋ ಕೆಟ್ಟದಾಗಿ ನಡೆದುಕೊಂಡಾಗ ಕಥೆ ಅವನ ಪಕ್ಷ ವಹಿಸಬಾರದು.

ಅರ್ಥಧಾರಿ ಕುಂಬಳೆ:

ತಂಗೀ, ಪ್ರಶ್ನೆ ಒಳ್ಳೆಯದುಂಟು. ನಾನು ಮಗಳ ಜೊತೆ ಕೂತು ಎರಡನೇ ಸೀಸನ್‌ವರೆಗೂ ನೋಡಿದ್ದೇನೆ. ಹಾಗಾಗಿ ಮುಂದೆ ಸ್ಪಾಯ್ಲರ್ ಬರುತ್ತದೆ, ಬೇಡ ಅಂದರೆ ಇಲ್ಲಿಗೇ ನಿಲ್ಲಿಸಿ.

ನಾನು ಸಣ್ಣಪುಟ್ಟ ತಾಳಮದ್ದಳೆಗಳಲ್ಲಿ ಅರ್ಥ ಹೇಳುವವ. ವಾಲಿಯ ಪಾತ್ರ ಬಂದಾಗ ಬಾಣ ತಿಂದು ಬಿದ್ದವನ ಬಾಯಲ್ಲಿ ರಾಮನಿಗೆ ಪ್ರಶ್ನೆ ಹಾಕಬೇಕು. ಮರದ ಮರೆಯಿಂದ ಯಾಕೆ ಹೊಡೆದೆ, ನಿನಗೆ ನಾನು ಎಂತ ಮಾಡಿದ್ದೆ ಎಂದು. ಜೋರಾಗಿ ಹೇಳಿದರೆ ಸಭೆಯೇ ವಾಲಿಯ ಕಡೆ ವಾಲುತ್ತದೆ. ಆದರೂ ಬಾಣ ಎದೆಯಿಂದ ಹೊರಗೆ ಬರುವುದಿಲ್ಲ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದೂ ಅಳಿಯುವುದಿಲ್ಲ. ಒಬ್ಬನ ಒಳಗೆ ಹೊಕ್ಕು ಮಾತಾಡುವುದು ಬೇರೆ, ಅವನನ್ನು ಖುಲಾಸೆ ಮಾಡುವುದು ಬೇರೆ. ರೂಡಿಯಸ್ ಕಥೆಯನ್ನು ಹೆಚ್ಚಾಗಿ ಅವನ ಬಾಯಿಂದಲೇ ಹೇಳಿಸಿದ್ದಾರೆ. ಅದಕ್ಕೇ ನಮಗೆ ಈ ಗೊಂದಲ. ಅವನ ಅರ್ಥ ಕೇಳುತ್ತಾ ಕೂತವರು ತೀರ್ಪನ್ನೂ ಅವನೇ ಕೊಡಲಿ ಎಂದು ಬಿಟ್ಟುಬಿಡುತ್ತೇವೆ.

ಇನ್ನು ಜನ್ಮದ ವಿಷಯ. ಭಾಗವತದಲ್ಲಿ ಭರತ ರಾಜ ಉಂಟಲ್ಲ, ರಾಜ್ಯ ಬಿಟ್ಟು ಗಂಡಕಿ ನದಿ ಹತ್ತಿರ ತಪಸ್ಸಿಗೆ ಕೂತು, ತಾಯಿ ಸತ್ತ ಜಿಂಕೆ ಮರಿ ಸಾಕಿ, ಸಾಯುವಾಗಲೂ ಅದನ್ನೇ ನೆನೆದು ಜಿಂಕೆಯಾಗಿ ಹುಟ್ಟಿದವ. ಅವನಿಗೂ ಹಿಂದಿನ ನೆನಪು ಇತ್ತು. ಆದರೆ ಆ ನೆನಪು ಅವನನ್ನು ಮೊದಲ ದಿನದಿಂದಲೇ ಎಚ್ಚರದಲ್ಲಿ ಇಡುತ್ತದೆ. ಮೂರನೇ ಜನ್ಮದಲ್ಲಿ ಯಾರ ಮೋಹವೂ ಬೇಡ ಎಂದು ಪೆದ್ದನ ಹಾಗೆ ಇದ್ದು ಜಡಭರತ ಅನ್ನಿಸಿಕೊಂಡ. ರೂಡಿಯಸ್ ಹಾಗಲ್ಲ. ನೆನಪಿನ ಜೊತೆಗೆ ಚಟವೂ ಬಂದಿದೆ. ಹೊಸ ಮೈ ಸಿಕ್ಕಿದ ಮಾತ್ರಕ್ಕೆ ಯಾರೂ ಒಳ್ಳೆಯವನಾಗುವುದಿಲ್ಲ ಎನ್ನುವುದರಲ್ಲಿ ಈ ಕಥೆ ಪ್ರಾಮಾಣಿಕ. ಎರಿಸ್ ಬಿಟ್ಟು ಹೋದಾಗ ಏನಾಯಿತು? ಮತ್ತೆ ಹಾಸಿಗೆ ಹಿಡಿದ. ಮಂತ್ರವಿದ್ಯೆಯ ಶಕ್ತಿ ಅಷ್ಟಿದ್ದೂ ಮೊದಲಿನ ಹಾಗೇ ಬಿದ್ದುಕೊಂಡ.

ಈಗ ನಿಮ್ಮ ಲೆಕ್ಕದ ಪ್ರಶ್ನೆ. ಎರಡನೇ ಸೀಸನ್‌ನ ಎರಡನೇ ಭಾಗ, 2024ರ ಏಪ್ರಿಲ್‌ನಲ್ಲಿ ಶುರುವಾದದ್ದು, ಅದರಲ್ಲಿ ತಂಗಿ ನಾರ್ನ್ ಹಾಸ್ಟೆಲ್ ಕೋಣೆ ಬಾಗಿಲು ಹಾಕಿಕೊಂಡು ಕ್ಲಾಸಿಗೆ ಹೋಗುವುದಿಲ್ಲ. ರೂಡಿಯಸ್‌ಗೆ ತನ್ನ ಹಳೇ ಕೋಣೆ ನೆನಪಾಗುತ್ತದೆ. ಈಗ ಅವನು ಬಾಗಿಲಿನ ಹೊರಗಿನವ. ಹಳೇ ಜನ್ಮದಲ್ಲಿ ಮನೆಯವರು ನಿಂತಿದ್ದ ಜಾಗ ಅದು. ಒಳಗೆ ಹೋಗುತ್ತಾನೆ, ಏನು ಹೇಳಬೇಕೆಂದೇ ತೋಚುವುದಿಲ್ಲ. ಬುದ್ಧಿಮಾತು ಹೇಳುವುದಿಲ್ಲ. ಹತ್ತಿರ ಕೂರುತ್ತಾನೆ. ನನಗೆ ಕೇಳಿದರೆ ಅವನ ಎರಡನೇ ಅವಕಾಶ ಶುರುವಾದದ್ದು ಹುಟ್ಟಿದ ದಿನ ಅಲ್ಲ, ಅಲ್ಲಿ.

ಮುಂದೆ ಅವನ ಹೊಸ ಅಪ್ಪ ಪೌಲ್ ವಿಷಯ ಬರುತ್ತದೆ. ಅದನ್ನು ಮಾತ್ರ ನಾನು ಹೇಳುವುದಿಲ್ಲ.

ಟ್ರಕ್‌ಕುನ್ ಮಂಜೇಶ್ವರ:

ಪೌಲ್ ಸಾಯುವಾಗ ನಾನು ಬಸ್ಸಲ್ಲಿದ್ದೆ ಮಾರಾಯ್ರೆ, ಕಣ್ಣೀರು ತಡೆಯಲಿಕ್ಕೇ ಆಗಲಿಲ್ಲ.

ಸುಬಾರು ಪಾರ್ಟಿ:

ಅಣ್ಣ ಅಷ್ಟು ಜೋಪಾನವಾಗಿ ಬಾಯಿ ಮುಚ್ಚಿಕೊಂಡಿದ್ದರು. ನಿನ್ನನ್ನು ಲಾರಿ ಯಾಕೆ ಇನ್ನೂ ಗುದ್ದಿಲ್ಲ?

ಬದಿಯಡ್ಕದ ಅಕ್ಕ:

ಹೋಗಲಿ ಬಿಡಿ. ಅವನಿಗೆ ಬೈದರೆ ಇನ್ನೊಂದು ಹೇಳಿಬಿಡುತ್ತಾನೆ.

ಅರ್ಥಧಾರಿ ಅಣ್ಣ, ವಾಲಿಯ ಮಾತು ಸರಿಯಾಗಿ ತಾಗಿತು. ಆದರೆ ನಾರ್ನ್ ಉದಾಹರಣೆಗೆ ನಾನು ಪೂರ್ತಿ ತಲೆ ಆಡಿಸುವುದಿಲ್ಲ. ತಂಗಿಯ ಹತ್ತಿರ ಕೂತದ್ದು ಒಳ್ಳೆಯದೇ. ಅದರಿಂದ ಆ ಜಪಾನಿನ ಅಣ್ಣನಿಗೆ ಏನು ಬಂತು? ಅವನ ಪಾಲಿಗೆ ಈ ತಮ್ಮ, ಅಪ್ಪ ಅಮ್ಮನ ಕ್ರಿಯೆಗೂ ಬಾರದೆ ಹೋದವನೇ. ಯಾವಾಗಲೂ ಕೋಣೆಯೊಳಗಿನವನ ಕಥೆಯೇ ಸಿನಿಮಾ ಆಗುತ್ತದೆ. ಬಾಗಿಲ ಹೊರಗೆ ಅನ್ನದ ಬಟ್ಟಲು ಇಟ್ಟು ಹೋಗುವವರದ್ದು ಆಗುವುದಿಲ್ಲ.

ನಿಮ್ಮ ಉತ್ತರ ಓದಿದ ಮೇಲೆ ನನಗೆ ಹೊಳೆದದ್ದು ರೂಜೆರ್ಡ್. ರೂಡಿಯಸ್ ಜೊತೆ ಊರೂರು ತಿರುಗುವ, ಸೂಪರ್ಡ್ ಎಂಬ ಜಾತಿಯ ಯೋಧ. ರಾಕ್ಷಸರ ಒಡೆಯ ಲಾಪ್ಲಾಸ್ ಕೊಟ್ಟ ಶಾಪದ ಈಟಿ ಹಿಡಿದು ಬುದ್ಧಿ ಕೆಟ್ಟು, ತನ್ನವರನ್ನೇ ಕೊಂದವ, ಸ್ವಂತ ಮಗನನ್ನೂ. ಅವನಿಗೆ ಯಾವ ಲಾರಿಯೂ ಬರಲಿಲ್ಲ. ಅದೇ ಮೈ, ಅದೇ ಹೆಸರು. ಹಸಿರು ಕೂದಲು ಕಂಡರೆ ಊರೇ ಓಡುತ್ತದೆ. ಆದರೂ ನೂರಾರು ವರ್ಷ ಅದೇ ಜನರ ನಡುವೆ ತಿರುಗುತ್ತಾ ತನ್ನ ಜಾತಿಯ ಹೆಸರು ತೊಳೆಯಲು ನೋಡುತ್ತಾನೆ. ಮಕ್ಕಳನ್ನು ಕಂಡರೆ ಕಾಯುತ್ತಾನೆ. ಶಾಪ ಈಟಿಯದ್ದು, ತಪ್ಪು ನನ್ನದಲ್ಲ ಎಂದು ಜಾರಿಕೊಳ್ಳಬಹುದಿತ್ತು, ಜಾರಿಕೊಳ್ಳುವುದಿಲ್ಲ. ಒಂದೇ ಕಥೆಯೊಳಗೆ ಇವನೂ ಇದ್ದಾನೆ, ರೂಡಿಯಸ್ಸೂ ಇದ್ದಾನೆ. ಎರಡನೇ ಜನ್ಮ ಪಡೆದವನಿಗಿಂತ ಒಂದೇ ಜನ್ಮದಲ್ಲಿ ಲೆಕ್ಕ ಹೊತ್ತವನು ನನಗೆ ದೊಡ್ಡವನಾಗಿ ಕಂಡ. ಬರೆದವರು ಬೇಕಂತಲೇ ಇವರಿಬ್ಬರನ್ನು ಒಂದೇ ದಾರಿಯಲ್ಲಿ ನಡೆಸಿದರೋ ಏನೋ.

ಅರ್ಥಧಾರಿ ಕುಂಬಳೆ:

ರೂಜೆರ್ಡ್ ನನ್ನ ತಲೆಗೆ ಬಂದಿರಲಿಲ್ಲ. ಒಪ್ಪಿದೆ. ಜಪಾನಿನ ಅಣ್ಣನಿಗೆ ಏನೂ ಬರುವುದಿಲ್ಲ, ಅದೂ ಹೌದು. ಹುಡುಗಿಯರ ವಿಷಯದಲ್ಲಿ ಕಥೆ ಅವನಿಗೆ ತೀರಾ ಸಲಿಗೆ ಕೊಟ್ಟಿದೆ ಎನ್ನುವುದರಲ್ಲೂ ನನ್ನ ತಕರಾರಿಲ್ಲ. ಮಗಳು ಪಕ್ಕದಲ್ಲಿದ್ದಾಗ ನಾನೂ ಕೆಲವು ಕಡೆ ಮುಂದಕ್ಕೆ ಓಡಿಸಿದ್ದೇನೆ.

ಒಂದೇ ಮಾತು ಸೇರಿಸುತ್ತೇನೆ, ಹೇಗೂ ಹುಡುಗ ಬಾಯಿಬಿಟ್ಟಾಯಿತು. ಪೌಲ್ ದೊಡ್ಡ ಸಾಚಾ ಏನಲ್ಲ, ನಿಮಗೆ ಗೊತ್ತುಂಟು. ಮನೆಕೆಲಸದ ಲಿಲಿಯಾ ಅವನಿಂದ ಬಸಿರಾದ ಪ್ರಕರಣ ನೋಡಿದ್ದೀರಿ. ಮೊದಲ ಸೀಸನ್‌ನಲ್ಲಿ ಮಗನೊಡನೆ ಕೈ ಮಿಲಾಯಿಸುವ ಜಗಳವೂ ಆಗಿದೆ. ಆಗ ಪೌಲ್‌ಗೆ ಮೂವತ್ತರ ಆಸುಪಾಸು. ಮಗನ ಒಳಗಿರುವವನು ಲೆಕ್ಕ ಹಾಕಿದರೆ ಅಪ್ಪನಿಗಿಂತ ದೊಡ್ಡವ. ಅಂಥ ಅಪ್ಪ ಕಡೆಗೆ ಮಗನಿಗೆ ಅಡ್ಡ ಬಂದು ಸಾಯುತ್ತಾನೆ. ಒಂದು ಜನ್ಮದಲ್ಲಿ ಅಪ್ಪನ ಕ್ರಿಯೆಗೆ ಕೋಣೆಯಿಂದ ಏಳದವನು ಈ ಜನ್ಮದಲ್ಲಿ ಅಪ್ಪನ ಕ್ರಿಯೆಗೆ ನಿಲ್ಲಬೇಕಾಗುತ್ತದೆ. ಅಮ್ಮ ಜೆನಿತ್ ಸಿಗುತ್ತಾಳೆ, ಆದರೆ ಮಗ ಯಾರೆಂದು ಗುರುತಿಸುವ ಸ್ಥಿತಿಯಲ್ಲಿ ಇಲ್ಲ. ಕಥೆ ಅವನಿಗೆ ಬಡ್ಡಿ ಹಾಕಿಲ್ಲ ಎನ್ನಬೇಡಿ.

ಬದಿಯಡ್ಕದ ಅಕ್ಕ:

ಇದನ್ನು ಓದಿ ಎರಡನೇ ಸೀಸನ್ ಡೌನ್‌ಲೋಡ್‌ಗೆ ಹಾಕಿದೆ. ನಮ್ಮ ಕಡೆ ಮಳೆ ಬಂದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಎರಿಸ್ ಮತ್ತೆ ಬರುತ್ತಾಳಾ, ಬಂದರೆ ಅವನಿಗೆ ನೇರವಾಗಿ ನಾಲ್ಕು ಮಾತು ಕೇಳುತ್ತಾಳಾ? ಮಂಜೇಶ್ವರದ ತಮ್ಮ ಉತ್ತರ ಕೊಡುವುದು ಬೇಡ.

ಟ್ರಕ್‌ಕುನ್ ಮಂಜೇಶ್ವರ:

ಸರಿ ಅಕ್ಕ. ಆದರೆ ಗೊತ್ತುಂಟು.