ನಾಕನೇ ದಿನಕ್ಕ ಕೂಸು ಹಳದಿ ಆಗೇತಿ: ಬರೀ ಎದಿಹಾಲು ಸಾಕೋ, ಡಬ್ಬಿ ಹಾಲು ಬೇಕೋ?

ಆಶಾ_ನವಲಗುಂದ

ಗೃಹಭೇಟಿಗೆ ಹೋದ ಮನಿಯೊಳಗಿನ ಕೂಸಿನ ವಿಚಾರ. 37 ವಾರಕ್ಕ ಸಹಜ ಹೆರಿಗಿ, ಹುಟ್ಟಿದ ತೂಕ 2.8 ಕೆಜಿ. ಈಗ 90 ತಾಸು ಆಗೇತಿ, ತೂಕ 2.55. ಬಿಲಿರುಬಿನ್ (ರಕ್ತದಾಗಿನ ಹಳದಿ ವಸ್ತು) ಟೋಟಲ್ 15.8 ಮಿ.ಗ್ರಾಂ./ಡೆ.ಲೀ., ಅದರಾಗ ಡೈರೆಕ್ಟ್ (ಪಿತ್ತಜನಕಾಂಗ ಸಂಸ್ಕರಿಸಿದ ಭಾಗ) 0.6. ತಾಯಿ ಓ ಪಾಸಿಟಿವ್, ಕೂಸಿನ ಗುಂಪು ನೋಡಿಲ್ಲ. ನಿನ್ನಿಯಿಂದ ಉಚ್ಚಿ ಮೂರ ಸಲ, ಸಂಡಾಸ ಇನ್ನೂ ಕಪ್ಪು-ಹಸರು. ಎದಿಗೆ ಹಚ್ಚಿದ ಕೂಡ್ಲೆ ನಿದ್ದಿ ಹತ್ತತೈತಿ. ಡಾಕ್ಟ್ರು "ಹಾಲು ಜಾಸ್ತಿ ಕುಡಸ್ರಿ, ನಾಳಿಗೆ ಮತ್ತ ರಕ್ತ ನೋಡೋಣು" ಅಂದಾರ. ಅಜ್ಜಿ ಸಕ್ಕರಿ ನೀರು, ಎಳಿಬಿಸಲು ಅಂತಾಳ. ಕೂಸಿನ ಅಪ್ಪ ಡಬ್ಬಿ ಹಾಲು ತಂದಿಟ್ಟಾನ. ಆರು ತಿಂಗಳು ಬರೀ ಎದಿಹಾಲು ಅಂತ ಊರತುಂಬ ಹೇಳಿದವರು ನಾವ. ಈಗ ತಾಯಿಗೆ ಏನ್ ಹೇಳ್ಲಿ? "ಜಾಸ್ತಿ ಕುಡಸೂದು" ಅಂದ್ರ ಎಷ್ಟು, ಹೆಂಗ?

ಮಕ್ಕಳ_ಡಾಕ್ಟರ್_ಗದಗ

ಅಕ್ಕಾರ, ಹಾಲಿನ ಮಾತಿಗಿಂತ ಮೊದಲು ಕೂಸಿನ ರಕ್ತದ ಗುಂಪು ಮತ್ತು ಡೈರೆಕ್ಟ್ ಕೂಂಬ್ಸ್ ಪರೀಕ್ಷೆ (ತಾಯಿಯ ಪ್ರತಿಕಾಯಗಳು ಕೂಸಿನ ರಕ್ತಕಣಕ್ಕೆ ಅಂಟಿವೆಯೇ ಎಂದು ನೋಡುವುದು) ಇವತ್ತೇ ಆಗಲಿ. ಡಾಕ್ಟರಿಗೆ ಈಗಲೇ ಫೋನ್ ಮಾಡಿ ಕೇಳ್ರಿ.

ಕಾರಣ ಇದು. ಫೋಟೋಥೆರಪಿ (ನೀಲಿ ಬೆಳಕಿನ ಚಿಕಿತ್ಸೆ) ಶುರು ಮಾಡುವ ಬಿಲಿರುಬಿನ್ ಗೆರೆ ಎಲ್ಲಾ ಕೂಸಿಗೂ ಒಂದೇ ಅಲ್ಲ. ಅದು ಎಷ್ಟು ವಾರಕ್ಕೆ ಹುಟ್ಟಿತು, ಈಗ ಎಷ್ಟು ತಾಸಿನ ಕೂಸು ಎಂಬುದರ ಮೇಲೆ ನಿಂತಿದೆ. 38 ವಾರ ತುಂಬಿದ ಆರೋಗ್ಯವಂತ ಕೂಸಿಗೆ ಬಹಳ ಕಡೆ ಬಳಸುವ ಚಾರ್ಟಿನಲ್ಲಿ ಸುಮಾರು 24 ತಾಸಿಗೆ 12, 48ಕ್ಕೆ 15, 72ಕ್ಕೆ 18, 96ಕ್ಕೆ 20. ನಿಮ್ಮದು 37 ವಾರದ್ದು, ಅದಕ್ಕೆ ಅನುಕ್ರಮವಾಗಿ 10, 13, 15, 17. ಅಂದರೆ 90 ತಾಸಿಗೆ 15.8 ಗೆರೆಯ ಹತ್ತಿರ ಇದೆ, ಇನ್ನೂ ದಾಟಿಲ್ಲ. ಆದರೆ ತಾಯಿ ಓ ಗುಂಪು. ಕೂಸು ಎ ಅಥವಾ ಬಿ ಇದ್ದು ಕೂಂಬ್ಸ್ ಪಾಸಿಟಿವ್ ಬಂದರೆ ಗೆರೆ ಸುಮಾರು 2 ಮಿ.ಗ್ರಾಂ. ಕೆಳಗಿಳಿಯುತ್ತದೆ. ಆಗ ಇದೇ 15.8 ಗೆರೆ ದಾಟಿದ ಲೆಕ್ಕ, ಅಡ್ಮಿಟ್ ಆಗಬೇಕು. ಮರುಪರೀಕ್ಷೆಯನ್ನೂ 24 ತಾಸಿನ ಬದಲು 12 ತಾಸಿಗೆ ಮಾಡಿಸುವುದು ನನ್ನ ಪ್ರಕಾರ ಒಳ್ಳೇದು. ಎರಡು ಪರೀಕ್ಷೆಗಳ ನಡುವೆ ತಾಸಿಗೆ 0.2ರಂತೆ ಅಥವಾ ಅದಕ್ಕಿಂತ ವೇಗವಾಗಿ ಏರಿದ್ದರೆ ರಕ್ತಕಣ ಒಡೆಯುತ್ತಿರುವ ಅನುಮಾನ ಪಡಬೇಕು.

ಇನ್ನು ತೂಕ. 250 ಗ್ರಾಂ ಇಳಿದಿದೆ, ಸುಮಾರು 9 ಪರ್ಸೆಂಟ್. ನಾಕನೇ ದಿನಕ್ಕೆ ಉಚ್ಚಿ ನಾಕು ಸಲವಾದರೂ ಆಗಬೇಕಿತ್ತು, ಸಂಡಾಸ ಹಳದಿಗೆ ತಿರುಗಬೇಕಿತ್ತು. ಎಲ್ಲಾ ಸೇರಿಸಿ ನೋಡಿದರೆ ಹೊಟ್ಟೆಗೆ ಹಾಲು ಸಾಲುತ್ತಿಲ್ಲ. ಎದೆಹಾಲಿನಿಂದ ಕಾಮಣಿ ಬಂತು ಅಂತ ಮನೆಯವರು ತಿಳಿಯುತ್ತಾರೆ. ಈ ವಾರದ ಮಟ್ಟಿಗೆ ಅದು ಉಲ್ಟಾ: ಎದೆಹಾಲು ಕಡಿಮೆ ಬಿದ್ದದ್ದರಿಂದ ಕಾಮಣಿ ಏರಿದೆ. ಪಿತ್ತಜನಕಾಂಗ ಕರುಳಿಗೆ ಬಿಟ್ಟ ಬಿಲಿರುಬಿನ್ ಕಪ್ಪು ಮಲದಲ್ಲಿ ಕೂತಿರುತ್ತದೆ. ಮಲ ಹೊರಗೆ ಹೋಗದಿದ್ದರೆ ಅಲ್ಲಿಂದಲೇ ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತದೆ. ಅದನ್ನು ದೂಡಿ ಹೊರಗೆ ಹಾಕುವುದು ಹಾಲು. ಸಕ್ಕರೆ ನೀರು ಹೊಟ್ಟೆ ತುಂಬಿಸಿ ಹಾಲಿನ ಹಸಿವು ಕೆಡಿಸುತ್ತದೆ, ಬಿಲಿರುಬಿನ್ ಇಳಿಸುವುದಿಲ್ಲ. ಜೇನು, ಬಜಿ ತೇಯ್ದು ನೆಕ್ಕಿಸುವುದೂ ಬೇಡ.

ಹಾಲೂಡಿಕೆ_ಸಲಹೆ_ಹಾವೇರಿ

"ಹೆಂಗ" ಅನ್ನೋದಕ್ಕ ನಾ ಹೇಳ್ತೀನ್ರಿ.

24 ತಾಸಿನ್ಯಾಗ 8ರಿಂದ 12 ಸಲ. ಎರಡು-ಎರಡೂವರಿ ತಾಸಿಗೊಮ್ಮೆ, ರಾತ್ರಿನೂ ಮೂರು ತಾಸು ದಾಟಬಾರದು. ತಾಸು ಎಣಸೂದು ಹಿಂದಿನ ಸಲ *ಶುರು* ಮಾಡಿದಾಗಿಂದ, ಮುಗಿಸಿದಾಗಿಂದ ಅಲ್ಲ. ಇಲ್ಲೇ ಭಾಳ ಮಂದಿ ತಪ್ಪತಾರ. ಕಾಮಣಿ ಕೂಸು ತಾನಾಗಿ ಅಳೂದಿಲ್ಲ, ಹಸಿದ್ರ ಎದ್ದೀತು ಅಂತ ಕುಂತ್ರ ಐದು ತಾಸು ಹೋಗಿರತಾವ. ಎಣ್ಣಿ ಹಚ್ಚಿ, ಎರದು, ಲೋಬಾನದ ಹೊಗಿ ಕೊಟ್ಟು ಮಲಗಿಸಿದ ದಿನ ಅಂತೂ ಕೇಳೂದ ಬ್ಯಾಡ. ನಾಳೆ ಐದೇಶಿ ಇದ್ರ ಇನ್ನೊಂದು ತ್ರಾಸು: ಕಾಮಣಿ ಏರೂದೂ ಮೂರರಿಂದ ಐದನೇ ದಿನದಾಗ, ಮನಿತುಂಬ ಮಂದಿ ಬರೂದೂ ಅವತ್ತ. ಕೂಸು ಮಂದಿ ತೊಡಿ ಮ್ಯಾಲೆ ಮಲಗಿ ಎರಡು ಸಲದ ಹಾಲು ತಪ್ಪಿಸಿಕೋತೈತಿ. ತಾಯಿ ಗಡಿಯಾರ ಎದುರಿಗೆ ಇಟ್ಟುಕೊಳ್ಳಲಿ.

ಎಬ್ಬಿಸೂದು: ಕೌದಿ, ಟೊಪಿಗಿ ತಗದು ಬರೀ ಲಂಗೋಟಿ ಮ್ಯಾಲೆ ತಾಯಿ ಎದಿಗೆ ಚರ್ಮಕ್ಕ ಚರ್ಮ ತಾಗುವಂಗ ಹಾಕ್ರಿ, ಬೆನ್ನು, ಅಂಗಾಲು ತಿಕ್ಕರಿ. ಬಾಯಿ ಅಗಲ ತಗದಾಗ ತೊಟ್ಟಷ್ಟ ಅಲ್ಲ, ಸುತ್ತಲಿನ ಕಪ್ಪು ಭಾಗನೂ ಒಳಗ ಹೋಗಬೇಕು. ಗದ್ದ ಎದಿಗೆ ತಾಗಿರಬೇಕು, ಕೆಳತುಟಿ ಹೊರಗ ಮಡಚಿರಬೇಕು. ಚೀಪೂದು ನಿಧಾನ ಆದ್ರ ಎದಿ ಹಿಡದು ಮೆಲ್ಲಕ ಒತ್ತರಿ, ಹಾಲು ಬಿದ್ದ ಕೂಡ್ಲೆ ಮತ್ತ ನುಂಗತೈತಿ. ಒತ್ತಿದ್ರೂ ನುಂಗದಿದ್ರ ಇನ್ನೊಂದು ಬದಿಗೆ ಹಚ್ಚರಿ. ನುಂಗೂ ಸಪ್ಪಳ ಕೇಳಸಬೇಕು. ಬಾಯಾಗ ತೊಟ್ಟು ಇಟ್ಟುಕೊಂಡು 40 ನಿಮಿಷ ಮಲಗಿದ್ರ ಅದು ಕುಡದಂಗ ಅಲ್ಲ.

ಈ ಕೂಸಿಗೆ ಇಷ್ಟ ಸಾಲೂದಿಲ್ಲ, ಪ್ರತಿ ಸಲ ಕುಡಿಸಿದ ಮ್ಯಾಲೆ ಹಾಲು ಹಿಂಡಿ ಕೊಡಬೇಕು. ಕೈ ಸಬ್ಬಕಾರ ಹಚ್ಚಿ ತೊಳಕೊಂಡು, ಹೆಬ್ಬಟ್ಟು ಮ್ಯಾಲೆ, ತೋರುಬಟ್ಟು ಕೆಳಗ, ತೊಟ್ಟಿನಿಂದ ಸುಮಾರು 4 ಸೆಂ.ಮೀ. ಹಿಂದ. ಮೊದಲು ಎದಿಗೂಡಿನ ಕಡೆ ಒತ್ತಿ, ಆಮ್ಯಾಲೆ ಎರಡೂ ಬಟ್ಟು ಕೂಡಿಸಿ ಹಿಂಡಿ, ಬಿಡರಿ. ತೊಟ್ಟು ಜಗ್ಗಬಾರದು, ಚರ್ಮದ ಮ್ಯಾಲೆ ಬಟ್ಟು ಜಾರಸಬಾರದು. ಒಂದು ಬದಿ 3-5 ನಿಮಿಷ, ಹರಿಯೂದು ಕಡಿಮಿ ಆದ ಮ್ಯಾಲೆ ಇನ್ನೊಂದು ಬದಿ, ಹಿಂಗ ತಿರುಗಿಸಿ ತಿರುಗಿಸಿ 20 ನಿಮಿಷ. ಕುದಿಸಿದ ಸ್ಟೀಲ್ ಬಟ್ಟಲದಾಗ ಹಿಡದು ಚಮಚ ಇಲ್ಲಾ ಪಾಲಡೈಲೆ (ಕೊಕ್ಕಿನ ಸಣ್ಣ ಬಟ್ಟಲ) ಕುಡಸ್ರಿ, ನಿಪ್ಪಲ್ ಬಾಟ್ಲಿ ಬ್ಯಾಡ. ಕೂಸಿನ ತಲಿ ಎತ್ತಿ ಹಿಡದು ತುಟಿಗೆ ತಾಗಸ್ರಿ, ಗಂಟಲದಾಗ ಸುರವಬ್ಯಾಡ್ರಿ. ಬ್ಯಾಸಗಿ ಸೆಕಿಯೊಳಗ ಹಿಂಡಿದ್ದು ಇಡಾಕ ಹೋಗಬ್ಯಾಡ್ರಿ, ಆಗಿಂದಾಗ ಕೊಡ್ರಿ.

ಎಷ್ಟು? ನಾಕನೇ ದಿನ ಒಂದ್ಸಲಕ್ಕ ಹೊಟ್ಟಿಗೆ ಒಟ್ಟು 30ರಿಂದ 60 ಮಿ.ಲೀ. ಬೀಳಬೇಕು. ಎದಿಯಿಂದ ಒಂದಿಷ್ಟು ಹೋಗತೈತಿ ಅಂತ ಹಿಡದ್ರ ಮ್ಯಾಲೆ 15-30 ಮಿ.ಲೀ. ಹಿಂಡಿದ್ದು ಸಾಕು. ಅಷ್ಟು ಬರದಿದ್ರ ಡಾಕ್ಟ್ರು ಹೇಳಿದಷ್ಟು ಡಬ್ಬಿ ಹಾಲು ಎರಡು-ಮೂರು ದಿನ ಕೊಟ್ರ ಪಾಪ ಅಲ್ರಿ. "ಬರೀ ಎದಿಹಾಲು" ಅನ್ನೂದು ಕೂಸನ್ನ ಉಪವಾಸ ಇಡೂ ವ್ರತ ಅಲ್ಲ. ಆದ್ರ ಮೊದಲು ಎದಿಗೆ ಹಚ್ಚೂದು, ಆಮ್ಯಾಲೆ ಅಳದು ಡಬ್ಬಿದು, ಅದರ ಕೂಡ ಹಿಂಡೂದು ನಡದಿರಬೇಕು. ಹಿಂಡೂದು ಬಿಟ್ರ ಹಾಲು ಇಳೀತೈತಿ, ಡಬ್ಬಿ ಕಾಯಂ ಆಗತೈತಿ. ಪುಡಿ-ನೀರಿನ ಅಳತಿ ಡಬ್ಬಿ ಮ್ಯಾಲಿದ್ದಂಗ ಇರಲಿ, ನೀರು ಹೆಚ್ಚ ಹಾಕಿ ತೆಳ್ಳಗ ಮಾಡಬ್ಯಾಡ್ರಿ. ಆಕಳ ಹಾಲು, ಎಮ್ಮಿ ಹಾಲು ಬ್ಯಾಡ.

ತಾಯಿಗೆ ನೀರು ಕಟ್ಟಿದ್ರ ಬಿಡಸ್ರಿ, ಬಾಯಾರಿದಷ್ಟು ಕುಡೀಲಿ. ಅಂಟಿನ ಉಂಡಿ, ಸಬ್ಬಸಗಿ ಪಲ್ಯ ಎಲ್ಲಾ ತಿನ್ನಲಿ. ಆಕಿ ಅರಿಷಿಣ ತಿಂದ್ರ ಕೂಸು ಹಳದಿ ಆಗೂದಿಲ್ಲ.

ಎನ್‌ಐಸಿಯು_ಸಿಸ್ಟರ್_ಹುಬ್ಬಳ್ಳಿ

ಅಡ್ಮಿಟ್ ಆದ್ರೂ ಎದಿಹಾಲು ನಿಲ್ಲೂದಿಲ್ಲ ಅಂತ ತಾಯಿಗೆ ಈಗ್ಲೇ ಹೇಳಿರಿ, ಹೆದರಿ ಆಸ್ಪತ್ರಿಗೆ ಬರೂದ ತಪ್ಪಸ್ತಾರ. ನೀಲಿ ಬೆಳಕು ಚರ್ಮದಾಗಿನ ಬಿಲಿರುಬಿನ್ನಿನ ರೂಪ ಬದಲಿ ಮಾಡತೈತಿ, ಅದು ಪಿತ್ತ ಮತ್ತ ಉಚ್ಚಿ ಜೊತಿ ಹೊರಗ ಹೋಗತೈತಿ. ಅದಕ್ಕ ಲೈಟಿನ ಕೆಳಗ ಇದ್ದಾಗಲೂ ಹಾಲು ಬೇಕ. ಎರಡು-ಮೂರು ತಾಸಿಗೊಮ್ಮೆ 20-30 ನಿಮಿಷ ಹೊರಗ ತಗದು ಕುಡಸಬಹುದು, ಆವಾಗ ಕಣ್ಣಿನ ಪಟ್ಟಿನೂ ತಗೀರಿ, ತಾಯಿ ಮುಖ ನೋಡಲಿ. ಬಿಲಿರುಬಿನ್ ಭಾಳ ಮ್ಯಾಲಿದ್ದು ರಕ್ತ ಬದಲಿ ಮಾಡೂ ಹಂತಕ್ಕ ಬಂದಿದ್ರ ಮಾತ್ರ ಹೊರಗ ತಗಿಯೂದಿಲ್ಲ, ಹಿಂಡಿದ ಹಾಲು ಅಲ್ಲೇ ಕೊಡತೇವಿ.

ಬೆಳಕು ಬಿದ್ದಷ್ಟ ಚರ್ಮ ಕೆಲಸ ಮಾಡೂದು. ಸಣ್ಣ ಡೈಪರ್ ಮತ್ತ ಕಣ್ಣಿನ ಪಟ್ಟಿ ಬಿಟ್ಟು ಏನೂ ಇರಬಾರದು. ಎಣ್ಣಿ, ಪೌಡರ್, ಅರಿಷಿಣ ಬ್ಯಾಡ. ಥಂಡಿ ಅಂತ ಟವೆಲ್ ಹೊಚ್ಚಿದ್ರ ಲೈಟ್ ಹಚ್ಚಿದ್ದ ವ್ಯರ್ಥ. ಸಂಡಾಸ ತೆಳ್ಳಗ ಹಸರು ಆಗತೈತಿ, ಅದು ಭೇದಿ ಅಲ್ಲ. ಲೈಟ್ ಹಚ್ಚಿದ ಮ್ಯಾಲೆ ಚರ್ಮ ಬೆಳ್ಳಗ ಕಾಣತೈತಿ, ಒಳಗ ಇನ್ನೂ ಇರತೈತಿ. ಕಣ್ಣಳತಿ ನಂಬಬ್ಯಾಡ್ರಿ, ರಕ್ತದ ರಿಪೋರ್ಟ್ ನಂಬರಿ.

ಎಳಿಬಿಸಲು ಅದರ ಬದಲಿ ಅಲ್ಲ. ಎಷ್ಟು ಬೆಳಕು ಬಿತ್ತು ಅನ್ನೂದಕ್ಕ ಅಳತಿ ಇಲ್ಲ, ಬತ್ತಲಿ ಕೂಸು ಒಂದೋ ಸುಡತೈತಿ ಇಲ್ಲಾ ಥಂಡಾಗತೈತಿ. ಬಿಸಲು ಕಾಸಾಕತ್ತೇವಿ ಅಂತ ಎರಡು ದಿನ ಕಳದು ಬರೂದು ಅದಕ್ಕಿಂತ ದೊಡ್ಡ ಅಪಾಯ. ಕಾಮಣಿಗೆ ಬರಿ ಹಾಕಸಬೇಕು ಅಂತ ಯಾರರೆ ಅಂದ್ರ ಅಲ್ಲೇ ತಡೀರಿ.

ಆಶಾ_ನವಲಗುಂದ

ಗುಂಪು, ಕೂಂಬ್ಸ್ ಇವತ್ತ ಮಾಡಸ್ತೀನಿ. ಎರಡು ಕೇಳೂದದ: ಮನ್ಯಾಗ ಇಟ್ಟು ನೋಡುವಾಗ ಯಾವುದಕ್ಕ ಕಾಯದ ಓಡಬೇಕು? ಮತ್ತ ಕಾಮಣಿ ಎರಡು ವಾರ ದಾಟಿದ್ರ?

ಮಕ್ಕಳ_ಡಾಕ್ಟರ್_ಗದಗ

ಬಾಣಂತಿ ಕೋಣೆ ಕತ್ತಲಿರುತ್ತದೆ, ಅಲ್ಲಿ ಬಣ್ಣ ನೋಡಬೇಡಿ. ಕಿಟಕಿ ಹತ್ತಿರ ಹಗಲು ಬೆಳಕಿಗೆ ತಂದು ಚರ್ಮ ಬೆರಳಿನಿಂದ ಒತ್ತಿ ಬಿಟ್ಟು ನೋಡ್ರಿ. ಅಂಗೈ, ಅಂಗಾಲಿಗೆ ಹಳದಿ ಇಳಿದಿದ್ದರೆ ರಾತ್ರಿಯಾದರೂ ಸರಿ, ಹೊರಡಿ. ಎಬ್ಬಿಸಿದರೂ ಕುಡಿಯದೆ ಇರುವುದು, ಮೈ ಸಡಿಲ ಬೀಳುವುದು, ಕೀರಲು ದನಿಯ ಅಳು, ಬೆನ್ನು ಬಿಲ್ಲಿನಂತೆ ಬಾಗುವುದು, ಜ್ವರ, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ ಸೀದಾ ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆ ಉಚಿತ, ರೊಕ್ಕಕ್ಕಾಗಿ ತಡ ಮಾಡಬಾರದು.

ಎರಡು ವಾರ ದಾಟಿದರೆ ಟೋಟಲ್, ಡೈರೆಕ್ಟ್ ಎರಡನ್ನೂ ಮತ್ತೆ ಮಾಡಿಸಿ, ಥೈರಾಯ್ಡ್ ನೋಡಿರದಿದ್ದರೆ ಅದನ್ನೂ. ಡೈರೆಕ್ಟ್ 1ಕ್ಕಿಂತ ಕಡಿಮೆ ಇದ್ದು, ತೂಕ ದಿನಕ್ಕೆ 20-30 ಗ್ರಾಂ ಏರುತ್ತಿದ್ದು, ಸಂಡಾಸ ಸಾಸಿವೆ ಬಣ್ಣ ಇದ್ದರೆ ಅದು ಬಹುಪಾಲು ಎದೆಹಾಲಿನ ಕಾಮಣಿ. ಎರಡು-ಮೂರು ತಿಂಗಳು ಎಳೆಯಬಹುದು, ಹಾಲು ನಿಲ್ಲಿಸುವ ಅಗತ್ಯವಿಲ್ಲ. ಆದರೆ ಸಂಡಾಸ ಸುಣ್ಣದಂತೆ ಬಿಳಚಿ, ಉಚ್ಚಿ ಬಟ್ಟೆಗೆ ಹಳದಿ ಕಲೆ ಹತ್ತುತ್ತಿದ್ದರೆ ಪಿತ್ತನಾಳ ಮುಚ್ಚಿದ ಅನುಮಾನ. ಅದಕ್ಕೆ ಆಪರೇಷನ್ ಬೇಕಾದರೆ 60 ದಿನದೊಳಗೆ ಆಗುವುದು ಒಳ್ಳೇದು. 14, 21, 28ನೇ ದಿನದ ಭೇಟಿಯಲ್ಲಿ ಲಂಗೋಟಿ ಬಿಚ್ಚಿಸಿ ನೀವೇ ಬಣ್ಣ ನೋಡ್ರಿ, "ಹಳದಿ ಐತಿ" ಅಂತ ಮನೆಯವರು ಹೇಳಿದ್ದನ್ನು ಕೇಳಿ ಬರೆದುಕೊಂಡು ಬರಬೇಡಿ.