ಗುಂಡು ಎಸೆತ: ಜಿಲ್ಲಾ ಮಟ್ಟದ 16 ಮೀಟರ್, ಮುಂದಿನ ದಾರಿ (ಪ್ರಶ್ನೋತ್ತರ)

ಪ್ರಶ್ನೆ (ಆಳಂದ, ಪಾಲಕರು): ನಮಸ್ಕಾರ ಸರ. ಮಗನಿಗೆ 17 ನಡದಾದ. 5 ಕೆ.ಜಿ. ಗುಂಡು 16 ಮೀಟರ್ ಒಗಿತಾನ, ಜಿಲ್ಲಾದಾಗ ಫಸ್ಟ್ ಬಂದಾನ. ಇಂಡಿಯಾ ಟೀಮಿಗೆ ಹೋಗೋ ಅಳತಿ ಇದೇನ್ರಿ? ಈಗಿಂದನೇ 7.26 ಕೆ.ಜಿ. ಕೈಗೆ ಕೊಟ್ರ ಲಗೂ ಮುಂದ ಬರ್ತಾನ ಅಂತ ಕೆಲವ್ರು ಹೇಳಾಕತ್ತಾರ.

ಉತ್ತರ (ಥ್ರೋ ಕೋಚ್, ಕಲಬುರಗಿ): ನಮಸ್ಕಾರ ಅಣ್ಣಾರ. 16 ಮೀಟರ್ ಚಲೋ ಆರಂಭ. ಆದರೆ ಆ ಅಂಕಿಯನ್ನು ಹಾಗೇ ನಂಬಬೇಡಿ. 18ರ ಒಳಗಿನ ಹುಡುಗರಿಗೆ 5 ಕೆ.ಜಿ., 20ರ ಒಳಗೆ 6, ಆಮೇಲೆ 7.26. ಒಂದೊಂದು ಮೆಟ್ಟಿಲಿಗೆ ಸುಮಾರು ಒಂದೂವರೆ ಮೀಟರ್ ಕಳಚಿಕೊಳ್ಳುತ್ತದೆ. ಅಂದರೆ ಇವತ್ತಿನ 16 ದೊಡ್ಡ ಗುಂಡಿನಲ್ಲಿ 13ರ ಆಸುಪಾಸು. ನಮ್ಮ ಭಾರತದ ತಜಿಂದರ್‌ಪಾಲ್ ಸಿಂಗ್ ತೂರ್ 2023ರಲ್ಲಿ ಭುವನೇಶ್ವರದಲ್ಲಿ 21.77 ಮೀ. ಎಸೆದು ಏಷ್ಯಾ ದಾಖಲೆ ಮಾಡಿದರು, ಆಗ ಅವರಿಗೆ 28 ವರ್ಷ. ಅದೇ ವರ್ಷ 23.56 ಮೀ. ವಿಶ್ವ ದಾಖಲೆ ಬರೆದ ಅಮೆರಿಕದ ರಯಾನ್ ಕ್ರೌಸರ್‌ಗೆ 30. ಈ ಆಟ ತಡವಾಗಿ ಹಣ್ಣಾಗುತ್ತದೆ. ಮಗನ ಮುಂದೆ ಹತ್ತು ವರ್ಷ ಇದೆ ಅಂತಲೇ ಲೆಕ್ಕ ಹಾಕಿ.

ದೊಡ್ಡ ಗುಂಡು ಈಗಲೇ ಬೇಡ. ದೂರವನ್ನು ತೀರ್ಮಾನಿಸುವುದು ಗುಂಡು ಕೈಬಿಡುವಾಗಿನ ವೇಗ. ವೇಗ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ದೂರ ಹತ್ತಿರಹತ್ತಿರ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುತ್ತದೆ. ಭಾರ ತಾಳದ ಹುಡುಗ ಮೊಣಕೈ ಕೆಳಗೆ ಬಿಟ್ಟು, ಎಡಕ್ಕೆ ವಾಲಿ, ನಿಧಾನವಾಗಿ ನೂಕುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ಬೆರಳಿನ ಬುಡ, ಮಣಿಕಟ್ಟು ನೋಯುತ್ತವೆ. ವಾರಕ್ಕೆ ಮೂರು ದಿನ, ದಿನಕ್ಕೆ 25–30 ಎಸೆತ ಸಾಕು. ಅದರಲ್ಲಿ ಏಳೆಂಟು ಮಾತ್ರ 6 ಕೆ.ಜಿ. ಇರಲಿ.

ದೊಡ್ಡವರಾದ ಮೇಲೆ ಒಲಿಂಪಿಕ್ಸ್‌ನಂಥ ಕೂಟಕ್ಕೆ ಬಾಗಿಲು ಎರಡು. ಒಂದು, ನೇರ ಅರ್ಹತೆಯ ಅಳತೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಪುರುಷರಿಗೆ 21.50, ಮಹಿಳೆಯರಿಗೆ 18.80 ಇತ್ತು. ಇನ್ನೊಂದು, ವಿಶ್ವ ರ್‍ಯಾಂಕಿಂಗ್. ಅದು ಐದು ಒಳ್ಳೆಯ ಸ್ಪರ್ಧೆಗಳ ಸರಾಸರಿ ಅಂಕದ ಮೇಲೆ ನಿಲ್ಲುತ್ತದೆ. ಹಾಗಾಗಿ ಈ ಎರಡನೇ ಬಾಗಿಲಿಗೆ ಒಂದು ದಿನ ಒಂದೇ ಒಂದು ಉದ್ದ ಎಸೆತ ಬಂದರೆ ಸಾಲದು, ಪ್ರತಿ ಕೂಟದಲ್ಲೂ ಅಷ್ಟೇ ದೂರ ಬೀಳಬೇಕು.

ಪ್ರಶ್ನೆ (ಬೀದರ್): ಹೆಣ್ಮಕ್ಕಳದ್ದೂ ಹಿಂಗೇ ಏನ್ರಿ ಸರ?

ಉತ್ತರ (ಕೋಚ್): ಅವರಿಗೆ ಒಂದೇ ಮೆಟ್ಟಿಲು ಅಕ್ಕಾರ. 18ರ ಒಳಗೆ 3 ಕೆ.ಜಿ., ಆಮೇಲೆ ಕೊನೆತನಕ 4. ಹೀಗಾಗಿ 19ರ ಹುಡುಗಿ 4 ಕೆ.ಜಿ.ಯಲ್ಲಿ ಎಸೆದ ದೂರವನ್ನು ಹಿರಿಯರ ದೂರಕ್ಕೆ ನೇರವಾಗಿ ಹೋಲಿಸಬಹುದು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಕಿರಣ್ ಬಲಿಯಾನ್ ಕಂಚು ಗೆದ್ದದ್ದು 17.36 ಮೀಟರಿಗೆ.

ಪ್ರಶ್ನೆ (ಹುಮನಾಬಾದ್, ಪಿ.ಟಿ. ಟೀಚರ್): ನಮ್ಮ ಹುಡುಗ ನಿಂತು ಎಸೆದರೆ 13.20, ಗ್ಲೈಡ್ (ಬೆನ್ನು ಹಾಕಿ ನಿಂತು, ವೃತ್ತದಲ್ಲಿ ಹಿಂದಕ್ಕೆ ಜಾರಿ ಎಸೆಯುವುದು) ಮಾಡಿದರೆ 13.60. ಸ್ಪಿನ್ (ಸುತ್ತು ತಿರುಗಿ ಎಸೆಯುವುದು) ಕಲಿಸಲೇ?

ಉತ್ತರ (ಕೋಚ್): ಈಗಲೇ ಬೇಡ ಸರ್. ಗ್ಲೈಡಿನಿಂದ ಒಂದೂವರೆ, ಎರಡು ಮೀಟರ್ ಸಿಗಬೇಕು. 40 ಸೆಂ.ಮೀ. ಅಂದರೆ ವೃತ್ತದ ನಡುವೆ ವೇಗ ಸತ್ತುಹೋಗುತ್ತಿದೆ. ಬದಿಯಿಂದ ಮೊಬೈಲಿನಲ್ಲಿ ನಿಧಾನಗತಿ ವಿಡಿಯೋ ತೆಗೆದು ಬಲಗೈ ಹುಡುಗನಲ್ಲಿ ಇಷ್ಟು ನೋಡಿ: ಬಲಪಾದ ವೃತ್ತದ ನಡುವೆ, ಎಡಕ್ಕೆ ಸುಮಾರು 45 ಡಿಗ್ರಿ ತಿರುಗಿ ಇಳಿಯುತ್ತಿದೆಯೇ? ಎಡಪಾದ ಅದರ ಬೆನ್ನಿಗೇ ಸ್ಟಾಪ್ ಬೋರ್ಡಿನ (ವೃತ್ತದ ಮುಂದಿನ ಅಂಚಿನ ತಡೆಹಲಗೆ) ಹತ್ತಿರ ಊರುತ್ತಿದೆಯೇ? ಆ ಕ್ಷಣ ಎದೆ ಇನ್ನೂ ಹಿಂದಕ್ಕೇ ಇದೆಯೇ? ಎಡಗಾಲು ತಡವಾದರೆ ಹುಡುಗ ಬಲಗಾಲ ಮೇಲೆ ಕುಕ್ಕರಿಸಿ ಕಾಯುತ್ತಾನೆ, ಅಲ್ಲಿಗೆ ಅದು ಮತ್ತೆ ನಿಂತು ಎಸೆದಂತೆಯೇ ಆಯಿತು. ಹೆಚ್ಚಿನವರಲ್ಲಿ ಕಾರಣ ಒಂದೇ, ಎಡಗಾಲನ್ನು ಮೇಲಕ್ಕೆ ಒದೆಯುತ್ತಾರೆ. ಅದನ್ನು ಬೋರ್ಡಿನ ಕಡೆಗೆ, ನೆಲಕ್ಕೆ ಹತ್ತಿರವಾಗಿ ಚಾಚಬೇಕು. ಗುಂಡಿಲ್ಲದೆ ದಿನಕ್ಕೆ 20 ಗ್ಲೈಡ್ ಮಾಡಿಸಿ, ಎರಡು ಪಾದಗಳ ಸದ್ದು 'ಟಕ್-ಟಕ್' ಎಂದು ಅಂಟಿಕೊಂಡು ಕೇಳುವ ತನಕ.

ಪ್ರಶ್ನೆ (ಶಹಾಪುರ): ಶಾಲಿ ಮೈದಾನದಾಗ ವೃತ್ತ ಮಾಡಬೇಕಂತೀವಿ. ಎರಿ (ಕರಿ ಮಣ್ಣಿನ) ನೆಲ ಅದ. ಶಹಾಬಾದ್ ಪರ್ಸಿ (ಹಾಸುಗಲ್ಲು) ಹಾಸಿದ್ರ ನಡಿತದೇನ್ರಿ?

ಉತ್ತರ (ಕೋಚ್): ಪರ್ಸಿ ಬ್ಯಾಡ್ರಿ. ಸಂದಿಗೆ ಬೂಟು ಸಿಕ್ಕರೆ ಮೊಣಕಾಲು ತಿರುಚುತ್ತದೆ, ನುಣುಪಾದ ಕಲ್ಲು ಇಬ್ಬನಿ ಬಿದ್ದರೆ ಜಾರುತ್ತದೆ. ಕಾಂಕ್ರೀಟೇ ಹಾಕಿಸಿ, ಆದರೆ ನೇರ ಎರೆಯ ಮೇಲಲ್ಲ. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಎರಡು ವರ್ಷದಲ್ಲಿ ವೃತ್ತ ಸೀಳುತ್ತದೆ. ಒಂದೂವರೆ ಅಡಿ ಎರೆ ತೆಗೆಸಿ, ಮುರುಮ್ (ಗರಸು ಮಣ್ಣು) ತುಂಬಿ, ನೀರು ಹೊಡೆದು ದಮ್ಮಸ್ಸು ಮಾಡಿಸಿ. ಮೇಲೆ ಸರಳಿನ ಜಾಳಿಗೆ ಇಟ್ಟು 15 ಸೆಂ.ಮೀ. ಕಾಂಕ್ರೀಟ್. ಕಬ್ಬಿಣದ ರಿಂಗಿನ ಒಳ ಅಳತೆ 2.135 ಮೀ., ಒಳನೆಲ ರಿಂಗಿನ ಅಂಚಿಗಿಂತ 2 ಸೆಂ.ಮೀ. ತಗ್ಗು. ನೀರು ಹರಿದುಹೋಗಲು ಎರಡು ಮೂರು ಪೈಪಿನ ತೂತು ಬಿಡಿಸಿ. ಕೊನೆಗೆ ಮರದ ಹಲಗೆಯಿಂದ ಉಜ್ಜಿ ಬಿಡಲಿ. ಗೌಂಡಿ ಚೆಂದ ಕಾಣಲಿ ಅಂತ ಸಿಮೆಂಟ್ ಹಾಲು ಬಳಿದು ಮಿರಮಿರ ಮಾಡಲು ಹೊರಟರೆ ತಡೆಯಿರಿ. 14 ದಿನ ನೀರುಣಿಸಿ. ಸ್ಟಾಪ್ ಬೋರ್ಡು ಒಳನೆಲದಿಂದ 10 ಸೆಂ.ಮೀ. ಎತ್ತರ.

ಸೆಕ್ಟರ್ (ಗುಂಡು ಬೀಳಬೇಕಾದ, ಎರಡು ಗೆರೆಗಳ ನಡುವಿನ ಜಾಗ) 34.92 ಡಿಗ್ರಿ. ಕೋನ ಅಳೆಯುವ ಸಾಧನ ಬೇಕಿಲ್ಲ. ವೃತ್ತದ ನಡುವಿನಿಂದ 20 ಮೀಟರ್ ದೂರದಲ್ಲಿ ಎರಡು ಗೆರೆಗಳ ಅಂತರ ಸರಿಯಾಗಿ 12 ಮೀಟರ್ ಇರಲಿ, ಕೋನ ತಾನೇ ಕೂಡುತ್ತದೆ.

ಪ್ರಶ್ನೆ (ಆಳಂದ, ಅವರೇ ಪಾಲಕರು): ಪ್ರೋಟೀನ್ ಪೌಡರ್ ಕೊಡಬೇಕಾ ಸರ? ಜಿಮ್‌ದಾಗ ಬಾಳ ಹೇಳ್ತಾರ.

ಉತ್ತರ (ಕ್ರೀಡಾ ಫಿಸಿಯೋ, ಕಲಬುರಗಿ): ಇದಕ್ಕೆ ನಾನು ಹೇಳುತ್ತೇನೆ. 80 ಕೆ.ಜಿ. ತೂಕದ ಎಸೆತಗಾರನಿಗೆ ದಿನಕ್ಕೆ 130–160 ಗ್ರಾಂ ಪ್ರೋಟೀನ್ ಸಾಕು. ಆರು ಮೊಟ್ಟೆ (36), ಒಂದು ಲೀಟರ್ ಹಾಲು (32), 150 ಗ್ರಾಂ ತೊಗರಿಬೇಳೆ (33), 50 ಗ್ರಾಂ ಶೇಂಗಾ (12), 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ (30): ಕೂಡಿಸಿ, 143 ಆಗುತ್ತದೆ. ಪೌಡರ್ ಡಬ್ಬಿಯಲ್ಲಿ ಹೆಸರು ಹಾಕದ ಸ್ಟೀರಾಯ್ಡ್ ಬೆರೆತು ಡೋಪ್ ಟೆಸ್ಟಿನಲ್ಲಿ (ನಿಷಿದ್ಧ ಔಷಧದ ಪರೀಕ್ಷೆ) ಸಿಕ್ಕಿಬಿದ್ದರೂ ಹೊಣೆ ಆಟಗಾರನದೇ. 'ನನಗೆ ಗೊತ್ತಿರಲಿಲ್ಲ' ಅಂದರೆ ಪ್ರಕರಣ ಬಿಟ್ಟುಹೋಗುವುದಿಲ್ಲ, ನಿಷೇಧ ನಾಲ್ಕು ವರ್ಷದ ತನಕ ಹೋಗಬಹುದು.

ಪೌಡರಿಗಿಂತ ನನಗೆ ಹೆಚ್ಚು ಹೆದರಿಕೆ ಇರುವುದು ನಮ್ಮೂರಿನ ಎರಡು ರೂಢಿಗಳ ಮೇಲೆ. ಜ್ವರ, ಮೈಕೈ ನೋವಿಗೆ ದವಾಖಾನೆಯಲ್ಲಿ ಹಾಕುವ ಡೆಕ್ಸಾಮೆಥಾಸೋನ್ (ಒಂದು ಬಗೆಯ ಸ್ಟೀರಾಯ್ಡ್) ಸೂಜಿ ಸ್ಪರ್ಧೆಯ ಕಾಲದಲ್ಲಿ ನಿಷಿದ್ಧ. ಬ್ಯಾಸಗ್ಯಾಗ ಸುಸ್ತಾದರೆ ಏರಿಸುವ ಸಲೈನ್ ಬಾಟಲಿಯೂ ಹಾಗೆಯೇ: ಆಸ್ಪತ್ರೆಯ ಸರಿಯಾದ ಚಿಕಿತ್ಸೆಯ ಭಾಗವಾಗಿರದಿದ್ದರೆ 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಹೆಚ್ಚು ಏರಿಸಿಕೊಳ್ಳುವುದು ಯಾವ ಕಾಲದಲ್ಲೂ ನಿಯಮಬಾಹಿರ. ಬಾಟಲಿ ಅರ್ಧ ಲೀಟರಿನದು, ಲೆಕ್ಕ ನೀವೇ ಹಾಕಿ. ಮೇ ತಿಂಗಳಲ್ಲಿ ಅಭ್ಯಾಸ ಬೆಳಗ್ಗೆ ಏಳೂವರೆಯೊಳಗೆ ಮುಗಿಸಿ, ಓಆರ್‌ಎಸ್ ಕುಡಿಸಿ. ಡಾಕ್ಟರ ಹತ್ತಿರ ಹೋದಾಗ 'ಇವನು ಡೋಪ್ ಟೆಸ್ಟಿಗೆ ಬರುವ ಆಟಗಾರ' ಅಂತ ಮೊದಲೇ ಹೇಳಿ, ಚೀಟಿ ಬರೆಸಿಕೊಂಡು, ಗುಳಿಗೆಯ ಪಟ್ಟಿ ಎಸೆಯದೆ ಫೋಟೋ ತೆಗೆದಿಟ್ಟುಕೊಳ್ಳಿ.

ಪಾಲಕರು: ಹೋದ ವಾರನೇ ಒಂದು ಬಾಟಲಿ ಏರಿಸ್ಯಾರ್ರಿ ಮೇಡಂ.

ಉತ್ತರ (ಫಿಸಿಯೋ): ಹಂಗಿದ್ರ ಆ ಚೀಟಿ, ಬಿಲ್ ಎರಡೂ ಇವತ್ತೇ ಹುಡುಕಿ ಇಡ್ರಿ. ಮುಂದಿನ ಕೂಟಕ್ಕೆ ಹೆಸರು ಕೊಡೋ ಮೊದಲು ನನಗ ತೋರಸ್ರಿ.