ಭಾವನ ಸಾಲಕ್ಕೆ ಶೂರಿಟಿ ಹಾಕಲಾ, ಬೇಡವಾ?

ಹಾಸನದವ: ನಮ್ಮ ಭಾವ ಗೂಡ್ಸ್ ಗಾಡಿ ತೆಗೆದುಕೊಳ್ಳಲು 8 ಲಕ್ಷ ಸಾಲ ಮಾಡುತ್ತಿದ್ದಾರೆ. ನನಗೆ ಸಂಬಳ ಬರುತ್ತೆ ಅಂತ ಶೂರಿಟಿ ಕೇಳಿದ್ದಾರೆ. "ಬರೀ ಒಂದು ಸೈನ್ ಕಣೋ, ಕಂತು ನಾನೇ ಕಟ್ಟುತ್ತೇನೆ" ಅನ್ನುತ್ತಾರೆ. ತುಂಬಾ ಒಳ್ಳೆಯವರು, ಓದುವಾಗ ಎರಡು ವರ್ಷ ಅವರ ಮನೆಯಲ್ಲೇ ಉಂಡು ಬೆಳೆದವನು ನಾನು. ಆದರೆ ಮುಂದಿನ ವರ್ಷ ನಾನೂ ಮನೆ ಸಾಲ ಮಾಡಬೇಕು. ಬೇಡ ಅಂದರೆ ಅಕ್ಕನಿಗೆ ಹೇಗೆ ಮುಖ ತೋರಿಸಲಿ? ಭಾನುವಾರದೊಳಗೆ ಹೇಳಬೇಕು.

ಹಳೇ ಗುಮಾಸ್ತ: ಬರೀ ಸೈನ್ ಅಂತ ಯಾರು ಹೇಳಿದರೂ ನಂಬಬೇಡಿ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಶೂರಿಟಿ ಹಾಕಿದವನಿಗೂ ಅಷ್ಟೇ ಹೊಣೆ. ಮೊದಲು ಅವರನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವ ಹಾಗಿಲ್ಲ. ನಾನು ಗೆಳೆಯನಿಗೆ ಹಾಕಿ 14 ಕಂತು ಕಟ್ಟಿದೆ. ಅವನೇನೂ ಮೋಸಗಾರ ಅಲ್ಲ, ಆಕ್ಸಿಡೆಂಟ್ ಆಗಿ ಮಲಗಿಬಿಟ್ಟ, ಪಾಪ. ಭಾವನ ಕೈಯಲ್ಲಿ ಆಗದೇ ಹೋದರೆ ನಿಮ್ಮ ಕೈಯಲ್ಲಿ ಆಗುತ್ತಾ, ಅದನ್ನು ಲೆಕ್ಕ ಹಾಕಿ.

ಮಲೆನಾಡ ಹುಡುಗಿ: ನಮ್ಮ ಸೋದರಮಾವ ನನ್ನ ಓದಿನ ಸಾಲಕ್ಕೆ ಶೂರಿಟಿ ಹಾಕದಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆನೋ. ಹಾಗಾಗಿ ಸುಮ್ನೆ ಬೇಡ ಅಂದುಬಿಡಬೇಡಿ. ಆದರೆ ಮಾವ ಕಣ್ಣು ಮುಚ್ಚಿ ಸೈನ್ ಹಾಕಿದವರಲ್ಲ. ಪತ್ರವೆಲ್ಲ ಓದಿದರು, ಪ್ರತಿ ತಿಂಗಳು ಕಟ್ಟಿದ ರಸೀದಿ ಕಳಿಸಬೇಕು ಅಂತ ಹೇಳಿದರು, ನಾನು ಒಂದು ತಿಂಗಳೂ ತಪ್ಪಿಸಲಿಲ್ಲ.

ಬ್ಯಾಂಕಿನಲ್ಲಿದ್ದವನು: ನಿಮ್ಮ ಮನೆ ಸಾಲದ ವಿಚಾರ ಹೇಳುತ್ತೇನೆ. ಶೂರಿಟಿ ಹಾಕಿದ ಸಾಲ, ಬ್ಯಾಂಕಿನವರು ಸಾಲ ಕೊಡುವ ಮುಂಚೆ ನೋಡುವ ನಿಮ್ಮ ಸಿಬಿಲ್ ವರದಿಯಲ್ಲೂ (ಸಾಲ-ಕಂತಿನ ದಾಖಲೆ) ಕಾಣುತ್ತೆ, ಅವರು ಕಂತು ತಪ್ಪಿಸಿದರೆ ನಿಮ್ಮ ಸ್ಕೋರಿಗೂ ಪೆಟ್ಟು. ವಾಪಸ್ ಬರದಿದ್ದರೂ ತಡೆದುಕೊಳ್ಳುವಷ್ಟು ದುಡ್ಡು ಎಷ್ಟಿದೆ ನೋಡಿ, ಅದನ್ನು ಡೌನ್ ಪೇಮೆಂಟಿಗೆ ಕೊಡಿ. ಸಾಲ ಕಡಿಮೆಯಾದರೆ ಶೂರಿಟಿ ಇಲ್ಲದೆ ಆಗುತ್ತಾ ಅಂತ ಭಾವ ಬ್ಯಾಂಕಲ್ಲಿ ಕೇಳಲಿ, ಗಾಡಿ ಹೇಗೂ ಅಡವಿಗೆ ಇರುತ್ತೆ ಅಲ್ವಾ. ಮತ್ತೆ ಇದನ್ನೆಲ್ಲ ಫೋನಲ್ಲಿ ಹೇಳಬೇಡಿ, ಮನೆಗೆ ಹೋಗಿ, ಅಕ್ಕನೂ ಕೂತಿರಲಿ.

ಹಾಸನದವ: ಎಲ್ಲರಿಗೂ ಥ್ಯಾಂಕ್ಸ್. ಈಗ ಅಕ್ಕನಿಗೆ ಫೋನ್ ಮಾಡಿದ್ದೆ. ಸಾಲ 8 ಲಕ್ಷ ಅಂತ ಅವಳಿಗೆ ಗೊತ್ತೇ ಇರಲಿಲ್ಲ, 5 ಅಂದುಕೊಂಡಿದ್ದಾಳೆ. ಶನಿವಾರ ಹೋಗುತ್ತೇನೆ. ಒಂದೂವರೆ ಲಕ್ಷ ನನ್ನ ಕೈಲಾಗುತ್ತೆ, ಅದನ್ನು ಕೊಡುತ್ತೇನೆ, ಸೈನ್ ಮಾತ್ರ ಆಗಲ್ಲ ಭಾವ ಅಂತ ಎದುರಿಗೇ ಕೂತು ಹೇಳುತ್ತೇನೆ.